ಸ್ಟ್ರಿಪ್ಪಿನ ಮೇಲಿನ ಚಂದ್ರ

"ಡಬ್ಬಿ ಮುಟ್ಟಬೇಡಿ."

ಕಾಶಮ್ಮ ಜೋರಾಗಿ ಹೇಳಲಿಲ್ಲ. ಆದರೂ ದೇವರ ಗೂಡಿನತ್ತ ಚಾಚಿದ್ದ ವೀಣಾಳ ಕೈ ಅಲ್ಲೇ ನಿಂತಿತು.

"ನಮ್ಮನೆಯವ್ರು ಕಣ್ಣು ಬಿಡದೆ ಮೂರು ದಿನ ಆಯ್ತು. ನೀವು ಕೊಟ್ಟ ಮಾತ್ರೆನೇ ಅವ್ರನ್ನ ಐಸಿಯು ಸೇರಿಸಿದ್ದು. ನಾನೀಗ ಸ್ನಾನ ಮಾಡಿ ದೀಪ ಹಚ್ಚಿ ವಾಪಸ್ ಆಸ್ಪತ್ರೆಗೆ ಹೋಗ್ಬೇಕು. ಇಲ್ಲಿ ಬಂದು ಇನ್ನೇನು ಹುಡುಕ್ತೀರಿ?"

ವೀಣಾ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಭದ್ರಾವತಿ ಓಲ್ಡ್ ಟೌನಿನ ಕೊಟ್ರಬಸಪ್ಪನವರಿಗೆ ದಿನಕ್ಕೆ ಎರಡು ಮಿಲಿಗ್ರಾಂ ರಕ್ತ ತೆಳುವಾಗಿಸುವ ಮಾತ್ರೆ ಸಿಗಬೇಕಿತ್ತು. ಶಿವಮೊಗ್ಗದ ದುರ್ಗಿಗುಡಿಯ ವೀಣಾಳ ಮೆಡಿಕಲ್ ಶಾಪಿನಿಂದ, ವೀಣಾಳ ಕೈಯಿಂದಲೇ, ಸಿಕ್ಕಿದ್ದು ಐದು ಮಿಲಿಗ್ರಾಂ. ಹನ್ನೊಂದು ದಿನ ನುಂಗಿದ ಮೇಲೆ ಅವರ ತಲೆಯೊಳಗೆ ರಕ್ತ ಸೋರಿತ್ತು. ಔಷಧ ನಿಯಂತ್ರಣ ಇಲಾಖೆಯ ನೋಟಿಸಿಗೆ ಉತ್ತರ ಕೊಡಲು ನಾಳೆ ಬೆಳಿಗ್ಗೆ ಹತ್ತು ಗಂಟೆಯೇ ಗಡುವು.

ಲೈಸೆನ್ಸ್ ಹೋದರೆ ಹೋಗಲಿ ಎಂದು ಅವಳು ಆಗಲೇ ಅದರ ಆಸೆ ಬಿಟ್ಟಿದ್ದಳು. ಅವಳನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ಹದಿನೆಂಟು ವರ್ಷ ಮಾತ್ರೆ ಕೊಟ್ಟ ಈ ಕೈ ಒಬ್ಬ ಮನುಷ್ಯನ ಜೀವಕ್ಕೇ ಸಂಚಕಾರ ತಂದಿತೇ?

"ಅಮ್ಮಾ, ನಾವು ಏನೂ ಒಯ್ಯೋದಿಲ್ಲ," ಎಂದರು ಜೊತೆಗೆ ಬಂದಿದ್ದ ಷಡಕ್ಷರಪ್ಪ. "ನೀವೇ ಡಬ್ಬಿ ತೆಗೀರಿ. ನಿಮ್ಮ ಕಣ್ಣೆದುರಿಗೇ ನೋಡಿ, ನಿಮ್ಮ ಕೈಗೇ ಕೊಡ್ತೀವಿ."

ಷಡಕ್ಷರಪ್ಪ ನಿವೃತ್ತ ಡ್ರಗ್ ಇನ್‌ಸ್ಪೆಕ್ಟರು. ಕೆಲಸದಲ್ಲಿದ್ದಾಗ ಅವರ ಸ್ಕೂಟರಿನ ಸದ್ದಿಗೇ ಮೆಡಿಕಲ್ ಶಾಪಿನವರು ಬಾಯಿಯ ಎಲೆಅಡಿಕೆ ಉಗಿದು ಎದ್ದು ನಿಲ್ಲುತ್ತಿದ್ದರಂತೆ. ಈಗ ಹಲ್ಲು ಅರ್ಧ ಹೋಗಿದ್ದವು, ಹಟ ಮಾತ್ರ ಪೂರ್ತಿ ಉಳಿದಿತ್ತು. ಯಾರೂ ಕರೆಯದಿದ್ದರೂ ತಾವಾಗಿ ಬಂದು ವೀಣಾಳ ಬೆನ್ನಿಗೆ ನಿಂತವರು ಅವರೊಬ್ಬರೇ.

"ಒಂದು ಮಾತು ಹೇಳಿ," ಎಂದರು ಅವರು ಕಾಶಮ್ಮನಿಗೆ. "ಮಾತ್ರೆ ತರಿಸೋವಾಗ ಡಾಕ್ಟರ್ ಚೀಟಿ ಯಾಕೆ ಕಳಿಸ್ತಿರ್ಲಿಲ್ಲ?"

"ಆಪರೇಷನ್ ಆದ ಚೀಟಿ ಅದು. ಬಸ್ಸಲ್ಲಿ ಕಳೆದುಹೋದ್ರೆ ಏನು ಗತಿ? ಅದಕ್ಕೇ ಕೊನೇ ಮಾತ್ರೆ ಕಳಿಸ್ತಿದ್ದೆ."

ಇದು ಕಾಶಮ್ಮನ ಹಳೆಯ ಪದ್ಧತಿ. ಅಕ್ಕಿಯಾಗಲಿ, ಅರಿಶಿನವಾಗಲಿ, ಮನೆಯಲ್ಲಿ ಯಾವುದೂ 'ಖಾಲಿ ಆಯ್ತು' ಎನ್ನಬಾರದು, ತಳದಲ್ಲಿ ಚೂರಾದರೂ ಉಳಿಸಿಕೊಂಡೇ ಹೊಸದು ತರಬೇಕು. ಗಂಡನ ಹೃದಯದ ಕವಾಟಕ್ಕೆ ಆಪರೇಷನ್ ಆದ ಮೇಲೆ ಮಾತ್ರೆಗೂ ಆಕೆ ಅದೇ ನೇಮ ಹಾಕಿಕೊಂಡಿದ್ದರು. ತಿಂಗಳ ಕೊನೆಯ ಮಾತ್ರೆಯನ್ನು ನುಂಗಲು ಕೊಡುತ್ತಿರಲಿಲ್ಲ. ಆ ಒಂದು ಮಾತ್ರೆಯಿರುವ ಸ್ಟ್ರಿಪ್ಪಿನ ತುಂಡನ್ನು ಸ್ಯಾಂಪಲ್ ಎಂದು ಅಂಗಡಿಗೆ ಕಳಿಸುವುದು, ಹೊಸದು ಬಂದ ಮೇಲೆ ತುಂಡನ್ನು ದೇವರ ಗೂಡಿನ ತಗಡಿನ ಡಬ್ಬಿಗೆ ಹಾಕುವುದು. ಗಂಡನ ಆಯಸ್ಸೇ ಆ ಡಬ್ಬಿಯಲ್ಲಿದೆ ಎನ್ನುವಷ್ಟು ನಂಬಿಕೆ.

ಅಂಗಡಿಯ ಕಡೆಯೂ ಒಂದು ನೇಮವಿತ್ತು. ಬಹಳ ದಿನದ ಕಾಯಿಲೆಯವರು ನೆಗಡಿ ಕೆಮ್ಮಿನವರ ಹಾಗೆ ಒಮ್ಮೆ ಬಂದು ಮರೆತುಹೋಗುವವರಲ್ಲ. ತಿಂಗಳು ತಿಂಗಳೂ ಅದೇ ಮಾತ್ರೆಗೆ ಬರುವವರು. ಅಂಥವರ ಚೀಟಿಯನ್ನು ವೀಣಾ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಫೈಲು ತೆಗೆದು ಹೆಸರು ನೋಡಬೇಕು, ಮಿಲಿಗ್ರಾಂ ನೋಡಬೇಕು, ಡಾಕ್ಟರು ಎಷ್ಟು ತಿಂಗಳಿಗೆ ಬರೆದಿದ್ದಾರೆಂದು ನೋಡಬೇಕು, ಮಾತ್ರೆ ಕೊಟ್ಟ ಮೇಲೆ ಹಿಂಬದಿಗೆ ತಾರೀಖಿನ ಮುದ್ರೆ ಒತ್ತಬೇಕು. ಇದನ್ನು ಅವಳಿಗೆ ಬೈದು ಬೈದು ಕಲಿಸಿದವರೇ ಷಡಕ್ಷರಪ್ಪ.

ಕೊಟ್ರಬಸಪ್ಪನವರ ಹೆಸರಿನಲ್ಲಿ ಹದಿನಾರು ಮುದ್ರೆಗಳಿದ್ದವು. ಹದಿನೇಳನೆಯದು ಇರಲಿಲ್ಲ. ಐದು ಮಿಲಿಗ್ರಾಂ ಕೊಟ್ಟ ಆ ಸಂಜೆ ಅವಳು ಫೈಲನ್ನೇ ತೆಗೆದಿರಲಿಲ್ಲ.

ಕೌಂಟರಿನ ಮುಂದೆ ಹದಿನೈದು ಜನ ನಿಂತಿದ್ದರು, ನಿಜ. ಆದರೆ ಫೈಲು ತೆಗೆಯದೆ ಇದ್ದುದಕ್ಕೆ ಕಾರಣ ಜನಜಂಗುಳಿಯಲ್ಲ, ಚಂದ್ರ.

ಓದು ಬಾರದ ತನ್ನ ತಾಯಿ ಬಂಗಾರಮ್ಮನಿಗೆಂದು ವೀಣಾ ಶುರು ಮಾಡಿದ್ದ ಗುರುತು ಅದು. ಬೆಳಗಿನ ಮಾತ್ರೆಗೆ ಹಸಿರು ಪೆನ್ನಿನಲ್ಲಿ ಒಂದು ಸೂರ್ಯ, ಸಂಜೆಯ ಮಾತ್ರೆಗೆ ಒಂದು ಚಂದ್ರ. ಸ್ಟ್ರಿಪ್ಪಿನ ತುದಿಯಲ್ಲಿ ಬ್ಯಾಚ್ ನಂಬರ್ ಒತ್ತಿರುತ್ತಾರಲ್ಲ, ಅದರ ಮೇಲ್ಗಡೆ ಬರೆಯುತ್ತಿದ್ದಳು. ಆ ತುದಿಯ ಮಾತ್ರೆಯನ್ನು ಕಟ್ಟಕಡೆಗೆ ತೆಗೆಯಬೇಕೆಂದು ಎಲ್ಲರಿಗೂ ಹೇಳಿಕೊಟ್ಟಿದ್ದಳು. ತಾಯಿಗೆ ಹಿಡಿಸಿದ್ದು ಕಾಶಮ್ಮನಿಗೂ ಹಿಡಿಸಿತು. ಬಂಗಾರಮ್ಮನದೂ ಕೊಟ್ರಬಸಪ್ಪನವರದೂ ಒಂದೇ ಮಾತ್ರೆ, ಅದೇ ಎರಡು ಮಿಲಿಗ್ರಾಂ.

ಆ ಸಂಜೆ ಕೊಟ್ರಬಸಪ್ಪನವರ ತಮ್ಮನ ಮಗ ಜ್ಞಾನೇಶ್ ಹಿಡಿದು ತಂದ ತುಂಡಿನ ಮೇಲೂ ಹಸಿರು ಚಂದ್ರನಿದ್ದ. ತುಂಡಿನ ಮೇಲೆ ಐದು ಎಂದಿದ್ದುದನ್ನು ಕಂಡು "ಡೋಸ್ ಜಾಸ್ತಿ ಮಾಡಿದ್ರಾ?" ಎಂದು ಕೇಳಿದ್ದಳು. ಆತ "ಹೂಂ" ಎಂದಿದ್ದ. ತನ್ನದೇ ಚಂದ್ರ ಕಣ್ಣೆದುರಿಗಿರುವಾಗ ಅನುಮಾನ ಎಲ್ಲಿಂದ ಬರಬೇಕು? ಐದರ ಮೂರು ಸ್ಟ್ರಿಪ್ ತೆಗೆದು, ಮೂರಕ್ಕೂ ಚಂದ್ರನನ್ನು ಬರೆದು, ನಗುತ್ತಲೇ ಕೊಟ್ಟು ಕಳಿಸಿದ್ದಳು.

"ನಿನ್ನ ಚಂದ್ರ ಇತ್ತು ಅಂದ್ರೆ ಎರಡೇ ದಾರಿ," ಎಂದಿದ್ದರು ಷಡಕ್ಷರಪ್ಪ ಬಸ್ಸಿನಲ್ಲಿ. "ಹಿಂದಿನ ತಿಂಗಳೇ ನೀನು ತಪ್ಪಿ ಐದು ಕೊಟ್ಟಿದೀಯ. ಇಲ್ಲಾಂದ್ರೆ ಬೇರೆ ಯಾರೋ ಚಂದ್ರ ಬರ್ದಿದಾರೆ. ತುಂಡು ಸಿಕ್ಕಿದ್ರೆ ಮಾತ್ರ ಗೊತ್ತಾಗೋದು."

ಮನೆಯಲ್ಲಿದ್ದ ಹೊಸ ಸ್ಟ್ರಿಪ್ಪುಗಳನ್ನು ಪೊಲೀಸರು ಒಯ್ದಿದ್ದರು. ದೇವರ ಗೂಡಿನ ಡಬ್ಬಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ವೀಣಾ ಕೂಡ ಷಡಕ್ಷರಪ್ಪನವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗಂಡ ಆನಂದನಿಗೂ ವಕೀಲರ ಮನೆಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಹೊರಟಿದ್ದಳು. ಡಬ್ಬಿಯಲ್ಲಿ ಸಿಗುವುದು ತನ್ನದೇ ತಪ್ಪಾದರೆ, ಅದನ್ನು ಎಲ್ಲರಿಗಿಂತ ಮೊದಲು ತಾನೇ ನೋಡಬೇಕೆಂಬ ಹೇಡಿತನ ಅದು.

"ಹೋಗಿ ಬಾ, ಗಾಬರಿ ಆಗ್ಬೇಡ," ಎಂದಿದ್ದ ಆನಂದ್. "ಅತ್ತೆಗೆ ಈ ತಿಂಗಳ ಮಾತ್ರೆ ಕೊಡ್ಬೇಕಲ್ಲ, ಗಾಜನೂರಿಗೆ ನಾನೇ ಹೋಗಿ ಬರ್ತೀನಿ."

ಗಾಜನೂರಿನ ತೋಟ ಮಾರುವುದಿಲ್ಲವೆಂದು ಅತ್ತೆ ಹೇಳಿದರೂ ಬೇಸರಪಡದೆ, ಮೂರು ತಿಂಗಳಿಂದ ಆ ಕೆಲಸವನ್ನು ಅವನೇ ಮೈಮೇಲೆ ಹಾಕಿಕೊಂಡಿದ್ದ. ಇಂಥ ಗಂಡ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದುಕೊಂಡೇ ವೀಣಾ ಬಸ್ಸು ಹತ್ತಿದ್ದಳು.

ಕಾಶಮ್ಮ ವೀಣಾಳ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಡಬ್ಬಿಯನ್ನು ಕೆಳಗಿಳಿಸಿದರು.

ಷಡಕ್ಷರಪ್ಪ ನೆಲದ ಮೇಲೆ ಪೇಪರು ಹಾಸಿ, ತುಂಡುಗಳನ್ನು ಒಂದೊಂದಾಗಿ ಇಟ್ಟರು. ಹದಿನಾರು ತುಂಡು. ಒಂದೊಂದರಲ್ಲೂ ಒಂದು ಮಾತ್ರೆ, ಒಂದು ಬ್ಯಾಚ್ ನಂಬರು, ಒಂದು ಹಸಿರು ಚಂದ್ರ.

ಎರಡು. ಎರಡು. ಎರಡು. ವೀಣಾ ಒಂದೊಂದನ್ನೇ ಓದುತ್ತಾ ಹೋದಳು.

ಎಲ್ಲಕ್ಕಿಂತ ಮೇಲಿದ್ದ ಒಂದೇ ಒಂದು ತುಂಡಿನ ಮೇಲೆ ಐದು ಎಂದಿತ್ತು.

"ಇದೇ," ಎಂದಳು. "ನಂದೇ ಪೆನ್ನು. ಚಂದ್ರಾನೂ ಇದೆ. ಹಾಗಾದ್ರೆ ಹಿಂದಿನ ತಿಂಗಳೇ ನಾನು..."

"ತಡಿ ಮಾರಾಯ್ತಿ, ಈಗಲೇ ನೇಣು ಹಾಕ್ಕೋಬೇಡ."

ಷಡಕ್ಷರಪ್ಪ ತುಂಡನ್ನು ಬೆಳಕಿಗೆ ಹಿಡಿದರು. ಅವರಿಗೂ ಏನೂ ಕಾಣಲಿಲ್ಲ. ಅದೇ ಕಂಪನಿ, ಅದೇ ಹಾಳೆ, ಅಷ್ಟೇ ಗಾತ್ರದ ಬಿಳಿ ಮಾತ್ರೆ. ಅವರು ತುಟಿ ಕಚ್ಚಿಕೊಂಡು ಅದನ್ನು ಮತ್ತೆ ಸಾಲಿಗಿಟ್ಟರು.

ಬಗ್ಗಿ ನೋಡುತ್ತಿದ್ದ ಕಾಶಮ್ಮ ಇದ್ದಕ್ಕಿದ್ದಂತೆ ಕುಕ್ಕರಗಾಲಿನಲ್ಲಿ ಕೂತರು.

"ಇದು ನೀವು ಬರೆದ ಚಂದ್ರ ಅಲ್ಲ ಕಣಮ್ಮ."

"ಅಂದ್ರೆ?"

"ನನಗೆ ಓದೋಕೆ ಬರಲ್ಲ. ಆದ್ರೆ ದಿನಾ ದೀಪ ಹಚ್ಚಿ ಈ ಚಂದ್ರನ್ನ ನೋಡೇ ಮಾತ್ರೆ ಕೊಡ್ತಿದ್ದೆ. ನಿಮ್ಮ ಚಂದ್ರ ಎಡಗಡೆ ಬಾಯಿ ತೆರ್ದಿರ್ತಾನೆ. ಇವನು ನೋಡಿ, ಬಲಗಡೆ ತೆರ್ದಿದಾನೆ. ಅವತ್ತು ನೋಡದೇನೇ ಡಬ್ಬಿಗೆ ಹಾಕ್ಬಿಟ್ಟೆ."

ಷಡಕ್ಷರಪ್ಪ ಹದಿನಾರು ತುಂಡುಗಳನ್ನೂ ನಂಬರು ಕೆಳಗೆ ಬರುವ ಹಾಗೆ ತಿರುಗಿಸಿಟ್ಟರು. ಹದಿನೈದು ಚಂದ್ರರು ಎಡಕ್ಕೆ ನೋಡುತ್ತಿದ್ದರು. ಒಬ್ಬ ಬಲಕ್ಕೆ.

"ವೀಣಾ, ನೀನು ಎಡಚಿ ಅಲ್ವಾ?"

ಹೌದು, ಅವಳು ಎಡಗೈಯಲ್ಲಿ ಬರೆಯುವವಳು. ಎಡಗೈಯವರು ಗೆರೆ ಬಾಗಿಸುವ ರೀತಿಯೇ ಬೇರೆ. ಶಾಲೆಯಲ್ಲಿ ಅದಕ್ಕೆ ಬೆರಳ ಗಿಣ್ಣಿಗೆ ಪೆಟ್ಟು ತಿಂದಿದ್ದಳು. ಇವತ್ತು ಅದೇ ಕೈ ಅವಳನ್ನು ಉಳಿಸಿತ್ತು. ಕಣ್ಣಲ್ಲಿ ನೀರು ತುಂಬಿತು. ಕಾಶಮ್ಮ ಅವಳ ಭುಜದ ಮೇಲೆ ಕೈಯಿಟ್ಟರು.

ಆ ಸಮಾಧಾನ ಒಂದು ನಿಮಿಷವೂ ಉಳಿಯಲಿಲ್ಲ. ಕಣ್ಣೊರೆಸಿಕೊಂಡು ವೀಣಾ ಮತ್ತೆ ತುಂಡನ್ನು ನೋಡಿದಳು. ಈ ಸಲ ಚಂದ್ರನನ್ನಲ್ಲ, ಕೆಳಗಿನ ಬ್ಯಾಚ್ ನಂಬರನ್ನು. ಮೂರು ದಿನದಿಂದ ನೋಟಿಸಿನಲ್ಲಿ ಓದಿ ಓದಿ ಬಾಯಿಪಾಠವಾಗಿದ್ದ ನಂಬರು. ಅವಳದೇ ಅಂಗಡಿಯ ಸ್ಟಾಕು.

"ಸರ್, ಇದು ನಮ್ಮ ಶೆಲ್ಫಿಂದಾನೇ ಬಂದಿದೆ."

ಇನ್ನೂ ಒಂದು ನೆನಪಾಯಿತು. ಕೊಟ್ರಬಸಪ್ಪನವರಿಗೆ ಮಾತ್ರೆ ಕೊಟ್ಟು ಕಳಿಸಿದ ಮರುದಿನ ಬೆಳಿಗ್ಗೆ, ಶೆಲ್ಫಿನಲ್ಲಿ ಐದರ ಒಂದು ಸ್ಟ್ರಿಪ್ ತುದಿ ಕತ್ತರಿಸಿಕೊಂಡು ಬಿದ್ದಿತ್ತು. ನಂಬರಿರುವ ತುದಿಯನ್ನು ಅವಳು ಯಾವತ್ತೂ ಮೊದಲು ಕತ್ತರಿಸುವವಳಲ್ಲ; ನಂಬರಿಲ್ಲದ ಸ್ಟ್ರಿಪ್ಪನ್ನು ಮಾರುವಂತಿಲ್ಲ. "ಇದ್ಯಾರ್ರೀ ಹೀಗೆ ಕತ್ತರಿಸಿದ್ದು?" ಎಂದು ರೇಗಿದ್ದಳು. "ಯಾರೋ ಅವಸರದಲ್ಲಿದ್ರು ಕಣೇ," ಎಂದು ಉತ್ತರ ಬಂದಿತ್ತು.

ಉತ್ತರ ಕೊಟ್ಟವನ ಮುಖ ಕಣ್ಣಮುಂದೆ ಬಂತು. ಛೇ, ಇರಲಾರದು ಎಂದು ತಳ್ಳಿಹಾಕಿದಳು.

ಹೊರಗೆ ಬೈಕು ನಿಂತ ಸದ್ದಾಯಿತು. ಆಸ್ಪತ್ರೆಗೆ ಕಾಶಮ್ಮನನ್ನು ಕರೆದೊಯ್ಯಲು ಜ್ಞಾನೇಶ್ ಬಂದಿದ್ದ. ಶಿವಮೊಗ್ಗದ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟು, ಮೂವತ್ತೈದರ ಸಂಭಾವಿತ. ಒಳಗೆ ಕಾಲಿಟ್ಟವನು ಪೇಪರಿನ ಮೇಲಿದ್ದ ತುಂಡುಗಳನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಬಾ ಮಾರಾಯ, ನಿನ್ನನ್ನೇ ಕಾಯ್ತಿದ್ವಿ," ಎಂದರು ಷಡಕ್ಷರಪ್ಪ. "ಈ ಐದರ ತುಂಡಿಗೆ ಚಂದ್ರ ಬರೆದವರು ಯಾರು?"

"ನಂಗೇನು ಗೊತ್ತು ಸರ್? ದೊಡ್ಡಮ್ಮ ಕೊಟ್ಟಿದ್ದನ್ನೇ ತಗೊಂಡು ಹೋಗಿದ್ದು."

"ಸುಳ್ಳು ಹೇಳ್ಬೇಡ ಜ್ಞಾನೇಶ," ಎಂದರು ಕಾಶಮ್ಮ. "ನಾನು ಕೊಟ್ಟ ಚಂದ್ರ ಎಡಗಡೆ ನೋಡ್ತಿದ್ದ."

"ಡೋಸ್ ಜಾಸ್ತಿ ಮಾಡಿದ್ರಾ ಅಂತ ಕೇಳಿದ್ನಲ್ಲ," ಎಂದಳು ವೀಣಾ. "ಯಾಕೆ ಹೂಂ ಅಂದ್ರಿ? ಒಂದು ಸಲ ಇಲ್ಲ ಅಂದಿದ್ರೆ ನಾನು ಫೈಲ್ ತೆಗೀತಿದ್ದೆ. ನಿಮ್ಮ ದೊಡ್ಡಪ್ಪ ಇವತ್ತು ಮನೇಲಿರ್ತಿದ್ರು!"

ಜ್ಞಾನೇಶನ ಮುಖ ಬಾಡಿತು. ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ.

"ಕಳ್ಕೊಂಡ್ಬಿಟ್ಟೆ ದೊಡ್ಡಮ್ಮ. ನೀವು ಕೊಟ್ಟ ತುಂಡು ಬಸ್ಸಲ್ಲಿ ಜೇಬಿಂದ ಬಿದ್ದುಹೋಯ್ತು. ಸೀಟು ಸೀಟಿನ ಕೆಳಗೂ ಹುಡುಕ್ದೆ. ಕೊನೇ ಮಾತ್ರೆ ಕಳೀತು ಅಂದ್ರೆ ನೀವು ಅನ್ನ ನೀರು ಬಿಟ್ಟು ಕೂತ್ಕೊತೀರಿ ಅಂತ ಭಯ ಆಯ್ತು."

ಕಾಶಮ್ಮ ಕಣ್ಣು ಮುಚ್ಚಿಕೊಂಡರು. ಗಂಡನನ್ನು ಕಾಯುತ್ತದೆಂದು ಯಾವ ನೇಮವನ್ನು ನಂಬಿದ್ದರೋ ಅದರ ಹೆದರಿಕೆಯೇ ಜ್ಞಾನೇಶನಿಂದ ಹೀಗೆ ಮಾಡಿಸಿತ್ತು.

"ಆಮೇಲೆ?" ಎಂದರು ಷಡಕ್ಷರಪ್ಪ.

"ಮಧ್ಯಾಹ್ನ ಬಿಡುವಲ್ಲಿ ಅಂಗಡಿಗೆ ಹೋಗಿ, ಅಂಥದ್ದೇ ಒಂದು ತುಂಡು ಕೊಡಿ ಅಂತ ಕೇಳ್ದೆ. ಮೇಡಂ ಊಟಕ್ಕೆ ಹೋಗಿದ್ರು."

ಷಡಕ್ಷರಪ್ಪ ವೀಣಾಳ ಕಡೆ ನೋಡಿದರು. ಫಾರ್ಮಸಿಸ್ಟ್ ಇಲ್ಲದ ಹೊತ್ತಿನಲ್ಲಿ ಕೌಂಟರಿನಿಂದ ಮಾತ್ರೆ ಹೋಗಬಾರದು. ಆ ಒಂದು ಗಂಟೆಗೆ ಏನಾಗುತ್ತದೆ ಎಂದು ಎಲ್ಲ ಅಂಗಡಿಯವರ ಹಾಗೆ ಅವಳೂ ಅಂದುಕೊಂಡಿದ್ದಳು. ಅವಳು ತಲೆ ತಗ್ಗಿಸಿದಳು.

"ಕೌಂಟರಲ್ಲಿ ಯಾರಿದ್ರು?" ಎಂದು ಷಡಕ್ಷರಪ್ಪ ಜ್ಞಾನೇಶನನ್ನು ಕೇಳಿದರು.

"ಮೇಡಂ ಯಜಮಾನ್ರು."

ವೀಣಾ ತಗ್ಗಿಸಿದ್ದ ತಲೆಯನ್ನು ಥಟ್ಟನೆ ಎತ್ತಿದಳು.

"ನೋಡಿ ಕೊಡಿ ಅಂದೆ ಸರ್, ಆಣೆಗೂ ಅಂದೆ. ಅವ್ರೇ ಫೈಲ್ ತೆಗೆದು ಬೆರಳಿಟ್ಟು ಓದಿದ್ರು. 'ಕೊಟ್ರಬಸಪ್ಪ, ಓಲ್ಡ್ ಟೌನ್, ಸರಿ' ಅಂದ್ರು. ಒಂದು ಮಾತ್ರೆ ಕತ್ತರಿಸಿ ಹಸಿರು ಪೆನ್ನಲ್ಲಿ ಚಂದ್ರ ಬರೆದ್ರು. ಪೂರ್ತಿ ತಿಂಗಳದ್ದೂ ನೀವೇ ಕೊಟ್ಬಿಡಿ ಅಂದಿದ್ದಕ್ಕೆ, 'ಅದು ಆಗಲ್ಲ, ಫಾರ್ಮಸಿಸ್ಟ್ ಅವಳು, ಅವಳ ಕೈಯಿಂದಾನೇ ತಗೋಬೇಕು, ಸಂಜೆ ಬನ್ನಿ' ಅಂದ್ರು. 'ಕಳೆದ ವಿಷಯ ಹೇಳ್ಬೇಡಿ, ರೇಗ್ತಾಳೆ. ಅವಳು ಏನು ಕೇಳಿದ್ರೂ ಹೂಂ ಅನ್ನಿ.' ಅಷ್ಟೇ ಸರ್. ನಾನು ಹೂಂ ಅಂದೆ."

ಮೂರು ದಿನದಿಂದ ಆನಂದ್ ವೀಣಾಳ ಎದುರಿಗೇ ಕೂತು ಊಟ ಮಾಡಿದ್ದ. ನೋಟಿಸನ್ನು ಅವಳಿಗಿಂತ ಮೊದಲು ಓದಿದ್ದ. "ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ ಬಿಡು," ಎಂದು ತಲೆ ಸವರಿದ್ದ.

"ಅವ್ರು ಶೆಲ್ಫಲ್ಲಿ ಕೈ ತಪ್ಪಿ ತೆಗ್ದಿರ್ಬಹುದು ಸರ್," ಎಂದಳು. ತನ್ನ ಮಾತು ತನಗೇ ನಂಬಿಕೆ ಬರುವಂತಿರಲಿಲ್ಲ.

"ಫೈಲ್ ಓದಿದ ಮೇಲೂ? ಹೂಂ ಅನ್ನಿ ಅಂತ ಹೇಳಿಕೊಟ್ಟ ಮೇಲೂ?" ಷಡಕ್ಷರಪ್ಪ ನಿಧಾನವಾಗಿ ಎದ್ದರು. "ವೀಣಾ, ಇದು ಕೊಟ್ರಬಸಪ್ಪನವರ ಮೇಲಿನ ದ್ವೇಷ ಅಲ್ಲಮ್ಮ. ಅವ್ರು ಮಧ್ಯೆ ಸಿಕ್ಕಿಹಾಕ್ಕೊಂಡಿದಾರೆ ಅಷ್ಟೇ. ಮಾತ್ರೆ ಕೊಟ್ಟ ಕೈ ನಿನ್ನದೇ ಆಗ್ಬೇಕಿತ್ತು. ನಿನ್ನ ಕೈ ತಪ್ಪುತ್ತೆ ಅಂತ ಊರಿಗೆಲ್ಲ ಗೊತ್ತಾಗ್ಬೇಕಿತ್ತು. ಯಾಕೆ? ಮುಂದೆ ಇನ್ನೇನಾದ್ರೂ ಆದ್ರೆ ಅದೂ ನಿನ್ನದೇ ತಪ್ಪು ಅಂತಾಗೋಕೆ. ಆ ಇನ್ನೇನು?"

ಇನ್ನೇನು.

ವೀಣಾ ಗೋಡೆಯ ಗಡಿಯಾರ ನೋಡಿದಳು. ಆರೂ ಹತ್ತು. ತಾಯಿ ಮಾತ್ರೆ ನುಂಗುವುದು ಆರಕ್ಕೆ. ಅದೇ ಮಾತ್ರೆ, ಅದೇ ಚಂದ್ರ, ಮೂರು ತಿಂಗಳಿಂದ ಆನಂದನ ಕೈಯಿಂದ.

ತಕ್ಷಣ ತಾಯಿಗೆ ಫೋನ್ ಮಾಡಿದಳು.

"ಏನೇ ವೀಣಾ?"

"ಅಮ್ಮಾ, ಮಾತ್ರೆ ತಗೊಂಡ್ಯಾ?"

"ಈಗ ತಾನೇ ನುಂಗ್ದೆ ಕಣೇ. ಹೊಸ ಸ್ಟ್ರಿಪ್ ಒಡೆದು."

"ಅದನ್ನ ಕೈಯಲ್ಲಿ ಹಿಡ್ಕೋ. ನಂಬರ್ ಕೆಳಗಿರ್ಲಿ, ಚಂದ್ರ ಮೇಲಿರ್ಲಿ. ಚಂದ್ರನ ಬಾಯಿ ಯಾವ ಕಡೆಗಿದೆ? ಉಣ್ಣೋ ಕೈ ಕಡೆಗಾ, ಎಡಗೈ ಕಡೆಗಾ?"

"ಇದೇನೇ ಒಗಟು?" ಬಂಗಾರಮ್ಮ ನಕ್ಕರು. ಹಾಳೆ ಸರಪರ ಎಂದಿತು. "ಉಣ್ಣೋ ಕೈ ಕಡೆಗಿದೆ. ಹೋದ ತಿಂಗಳದ್ದೂ ಹಿಂಗೇ ಇತ್ತಲ್ಲ."

ಹೋದ ತಿಂಗಳದ್ದೂ.

"ಅಮ್ಮಾ, ಮೈ ಹೇಗಿದೆ? ಎಲ್ಲಾದ್ರೂ ರಕ್ತ ಬರ್ತಿದ್ಯಾ?"

"ಬೆಳಿಗ್ಗೆಯಿಂದ ವಸಡಲ್ಲಿ ಬರ್ತಿದೆ. ಬೇವಿನ ಕಡ್ಡಿ ಚುಚ್ಚಿರ್ಬೇಕು ಅಂತ ಸುಮ್ನಿದ್ದೆ. ತೊಡೆ ಮೇಲೂ ಎಲ್ಲೂ ಬಡಿಸ್ಕೊಳ್ದೆ ನೀಲಿ ಕಟ್ಟಿದೆ. ನಿಂಗೆ ಹೆಂಗೆ ಗೊತ್ತಾಯ್ತು?"

"ಇನ್ನು ಒಂದೂ ಮಾತ್ರೆ ಮುಟ್ಟಬೇಡ. ಪಕ್ಕದ ಮನೆಯವ್ರನ್ನ ಕರಿ. ಈಗಲೇ ಆಸ್ಪತ್ರೆಗೆ ಹೋಗ್ಬೇಕು, ಕಾರು ಕಳಿಸ್ತೀನಿ."

"ಪಕ್ಕದ ಮನೆಯವ್ರು ಯಾಕೆ? ಅಳಿಯಂದಿರು ಇಲ್ಲೇ ಇದಾರಲ್ಲ. ಕಾಫಿ ಕುಡೀತಾ ಕೂತಿದಾರೆ. ತಡಿ, ಅವರಿಗೇ ಕೊಡ್ತೀನಿ."

"ಬೇಡ ಅಮ್ಮಾ, ಬೇಡ!"

ಫೋನು ಕೈ ಬದಲಾಯಿತು. ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಹದಿನಾಲ್ಕು ವರ್ಷದಿಂದ ಪರಿಚಯವಿದ್ದ, ಅದೇ ಅಕ್ಕರೆಯ ದನಿ.

"ಹೇಳು ವೀಣಾ. ಕಾಶಮ್ಮನವರ ಡಬ್ಬಿ ನೋಡಿದ್ಯಾ?"